ಪ್ರೋಗ್ರಾಂಗೂ ಬೇಕು ಒಂದು ಬದಲಾವಣೆ ವಹಿ

ಹೊಲದ ಪಹಣಿಯನ್ನು ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ರೈತರು ಉತಾರ ಎನ್ನುತ್ತಾರೆ. ಹೊಲ ಈಗ ಯಾರ ಹೆಸರಿನಲ್ಲಿದೆ, ವಿಸ್ತೀರ್ಣ ಎಷ್ಟು, ಸಾಲದ ಬೋಜಾ ಇದೆಯೇ ಎಂಬುದು ಉತಾರದಿಂದ ತಿಳಿಯುತ್ತದೆ. ಆದರೆ ಅಜ್ಜನ ಹೆಸರಿದ್ದ ಜಾಗದಲ್ಲಿ ಮೊಮ್ಮಗನ ಹೆಸರು ಯಾವಾಗ ಬಂತು, ಯಾವ ಕಾರಣದಿಂದ ಬಂತು ಎಂಬುದನ್ನು ತಿಳಿಯಲು ಇನ್ನೊಂದು ದಾಖಲೆಯನ್ನು ತೆರೆಯಬೇಕು. ಅದು ಮ್ಯುಟೇಶನ್ ರಜಿಸ್ಟರ್, ಅಂದರೆ ಹಕ್ಕು ಬದಲಾವಣೆಯ ವಹಿ. ಅಲ್ಲಿ ಪ್ರತಿಯೊಂದು ಬದಲಾವಣೆಗೂ ಒಂದು ಸಂಖ್ಯೆ, ಒಂದು ದಿನಾಂಕ, ಒಂದು ಕಾರಣ ಇರುತ್ತದೆ. ತಕರಾರು ಎದ್ದಾಗ ಉತಾರವೊಂದನ್ನೇ ಹಿಡಿದುಕೊಂಡು ವಾದಿಸಲಾಗದು. ಈ ವಹಿಯೇ ಆಧಾರ.

ಗಣಕದಲ್ಲಿ ನಾವು ಬರೆಯುವ ಪ್ರೋಗ್ರಾಂ ಉತಾರವಿದ್ದಂತೆ. ತೆರೆದರೆ ಅದರ ಇಂದಿನ ಸ್ಥಿತಿ ಮಾತ್ರ ಕಾಣುತ್ತದೆ. ನಿನ್ನೆ ಯಾವ ಸಾಲು ಹೇಗಿತ್ತು, ಅದನ್ನು ಏಕೆ ತಿದ್ದಲಾಯಿತು ಎಂಬುದನ್ನು ಕಡತ ಹೇಳುವುದಿಲ್ಲ. ಇದಕ್ಕೆ ವಿದ್ಯಾರ್ಥಿಗಳು ಕಂಡುಕೊಂಡಿರುವ ಉಪಾಯ ಎಲ್ಲ ಅಧ್ಯಾಪಕರಿಗೂ ಗೊತ್ತು: 'ಪ್ರಾಜೆಕ್ಟ್', 'ಪ್ರಾಜೆಕ್ಟ್ ಹೊಸದು', 'ಪ್ರಾಜೆಕ್ಟ್ ಫೈನಲ್', 'ಪ್ರಾಜೆಕ್ಟ್ ಫೈನಲ್ 2' ಎಂಬ ಹೆಸರಿನ ಕಡತಗಳು ಪೆನ್‌ಡ್ರೈವ್ ತುಂಬ ಸೇರಿಕೊಳ್ಳುತ್ತವೆ. ವರದಿಯಲ್ಲಿರುವ ನಕ್ಷೆ ಇವುಗಳಲ್ಲಿ ಯಾವುದರಿಂದ ಬಂದದ್ದು ಎಂದು ಪರೀಕ್ಷಕರು ಕೇಳಿದರೆ ಉತ್ತರ ಸಿಗುವುದಿಲ್ಲ. ಪುನಃ ಪಡೆಯಲಾಗದ ಫಲಿತಾಂಶಕ್ಕೆ ವಿಜ್ಞಾನದಲ್ಲಿ ಬೆಲೆ ಇಲ್ಲ. ಆದ್ದರಿಂದ ಇದನ್ನು ಕೇವಲ ಅಚ್ಚುಕಟ್ಟುತನದ ಪ್ರಶ್ನೆ ಎಂದು ತಳ್ಳಿಹಾಕುವಂತಿಲ್ಲ.

ಒಂದು ಜಲಪಾತ, ನಾಲ್ಕು ಉತ್ತರ

ಒಂದು ಸರಳ ಉದಾಹರಣೆಯನ್ನು ತೆಗೆದುಕೊಳ್ಳೋಣ. ಗೋಕಾಕ ಜಲಪಾತದ ಎತ್ತರ ಸುಮಾರು 52 ಮೀಟರ್. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ನೀರಿನ ಒಂದು ಕಣ ಕೆಳಗೆ ಮುಟ್ಟಲು ಬೇಕಾಗುವ ಕಾಲವನ್ನು ಪಿಯುಸಿ ವಿದ್ಯಾರ್ಥಿಯೂ ಹೇಳಬಲ್ಲ. ಎತ್ತರದ ಎರಡರಷ್ಟನ್ನು 9.8ರಿಂದ ಭಾಗಿಸಿ ವರ್ಗಮೂಲ ತೆಗೆದರೆ 3.258 ಸೆಕೆಂಡು ಬರುತ್ತದೆ.

ಇದೇ ಲೆಕ್ಕವನ್ನು ಗಣಕದಿಂದ ಹೆಜ್ಜೆ ಹೆಜ್ಜೆಯಾಗಿ ಮಾಡಿಸೋಣ. ಪೈಥಾನ್ ಭಾಷೆಯ 3ನೆಯ ಆವೃತ್ತಿ 2008ರಲ್ಲಿ ಬಂದ ಮೇಲೆ ಚರಗಳಿಗೆ ಕನ್ನಡ ಅಕ್ಷರಗಳಲ್ಲೇ ಹೆಸರಿಡಬಹುದು. ಹಾಗಾಗಿ ಪ್ರೋಗ್ರಾಂನ ತಿರುಳು ಹೀಗಿರುತ್ತದೆ:

ಎತ್ತರ = 52
ಗುರುತ್ವ = 9.8
ಹೆಜ್ಜೆ = 0.1

ದೂರ, ವೇಗ, ಕಾಲ ಮೂರೂ ಸೊನ್ನೆಯಿಂದ ಆರಂಭವಾಗುತ್ತವೆ. ದೂರವು ಎತ್ತರವನ್ನು ಮುಟ್ಟುವವರೆಗೆ ಈ ಮೂರು ಸಾಲುಗಳು ಮರುಕಳಿಸುತ್ತವೆ:

ದೂರ = ದೂರ + ವೇಗ * ಹೆಜ್ಜೆ
ವೇಗ = ವೇಗ + ಗುರುತ್ವ * ಹೆಜ್ಜೆ
ಕಾಲ = ಕಾಲ + ಹೆಜ್ಜೆ

ಇದು ಆಯ್ಲರ್ ವಿಧಾನ. ಇದನ್ನು ನಡೆಸಿದರೆ 34 ಹೆಜ್ಜೆಗಳ ಬಳಿಕ 3.40 ಸೆಕೆಂಡು ಎಂಬ ಉತ್ತರ ಬರುತ್ತದೆ. ಇದು ನಿಜ ಉತ್ತರಕ್ಕಿಂತ ಹೆಚ್ಚು. ಈಗ ವಿದ್ಯಾರ್ಥಿ ಎರಡು ತಿದ್ದುಪಡಿಗಳನ್ನು ಯೋಚಿಸುತ್ತಾನೆ. ಮೊದಲನೆಯದು, ಹೆಜ್ಜೆಯನ್ನು 0.01 ಸೆಕೆಂಡಿಗೆ ಇಳಿಸುವುದು. ಎರಡನೆಯದು, ವೇಗದ ಸಾಲನ್ನು ದೂರದ ಸಾಲಿಗಿಂತ ಮೊದಲು ಇಡುವುದು. ಈ ಅದಲುಬದಲಿಗೆ ಆಯ್ಲರ್-ಕ್ರೋಮರ್ ವಿಧಾನ ಎಂಬ ಹೆಸರಿದೆ. ಲೋಲಕ, ಗ್ರಹಚಲನೆಯಂತಹ ಲೆಕ್ಕಗಳಲ್ಲಿ ಶಕ್ತಿಯ ಮೊತ್ತ ಹಿಡಿತ ತಪ್ಪದಂತೆ ಇದು ಕಾಯುತ್ತದೆ ಎಂಬುದನ್ನು ಅಲನ್ ಕ್ರೋಮರ್ 1981ರಲ್ಲಿ ವಿವರಿಸಿದರು. ನಾಲ್ಕೂ ಸಾಧ್ಯತೆಗಳ ಫಲಿತಾಂಶ ಹೀಗಿದೆ:

ಹೆಜ್ಜೆ 0.1, ದೂರ ಮೊದಲು: 3.40 ಸೆಕೆಂಡು
ಹೆಜ್ಜೆ 0.1, ವೇಗ ಮೊದಲು: 3.30 ಸೆಕೆಂಡು
ಹೆಜ್ಜೆ 0.01, ದೂರ ಮೊದಲು: 3.27 ಸೆಕೆಂಡು
ಹೆಜ್ಜೆ 0.01, ವೇಗ ಮೊದಲು: 3.26 ಸೆಕೆಂಡು

ವಿದ್ಯಾರ್ಥಿಯು ಎರಡೂ ತಿದ್ದುಪಡಿಗಳನ್ನು ಒಂದೇ ಸಂಜೆ ಮಾಡಿ, ಎಲ್ಲಿಯೂ ಬರೆದಿಡದೆ ಹೋದನೆಂದು ಇಟ್ಟುಕೊಳ್ಳೋಣ. 3.40 ಇದ್ದದ್ದು 3.26 ಆಯಿತು. "ಸಾಲುಗಳನ್ನು ಅದಲುಬದಲು ಮಾಡಿದ್ದರಿಂದ ಉತ್ತರ ಸರಿಯಾಯಿತು" ಎಂದು ವರದಿಯಲ್ಲಿ ಬರೆದರೆ ಅದು ಸತ್ಯವಲ್ಲ. ಹೆಜ್ಜೆ ಇಳಿಸಿದ್ದೊಂದರಿಂದಲೇ 0.13 ಸೆಕೆಂಡು ಕಡಿಮೆಯಾಗಿದೆ. ನಂತರದ ಅದಲುಬದಲಿನ ಪಾಲು ಕೇವಲ 0.01 ಸೆಕೆಂಡು. ಮೇಲಾಗಿ ಈ ಪ್ರೋಗ್ರಾಂ ಇಡೀ ಹೆಜ್ಜೆಗಳನ್ನು ಮಾತ್ರ ಎಣಿಸುವುದರಿಂದ ಒಂದು ಹೆಜ್ಜೆಯಷ್ಟು ಅನಿಶ್ಚಿತತೆ ಇದ್ದೇ ಇರುತ್ತದೆ. ಉತ್ತರ ಸರಿ ಇದ್ದು ಕಾರಣ ತಪ್ಪಾಗುವುದೆಂದರೆ ಇದೇ. ಪ್ರಯೋಗಶಾಲೆಯಲ್ಲಿ ಒಮ್ಮೆಗೆ ಒಂದೇ ಚರವನ್ನು ಬದಲಿಸಿ ಎಂದು ಹೇಳಿಕೊಡುವ ನಾವು ಪ್ರೋಗ್ರಾಂ ಬರೆಯುವಾಗ ಅದೇ ನಿಯಮವನ್ನು ಮರೆಯಬಾರದು.

ವ್ಯತ್ಯಾಸವನ್ನು ಗಣಕ ಹುಡುಕುವ ಬಗೆ

ಎರಡು ಕಡತಗಳ ನಡುವಿನ ವ್ಯತ್ಯಾಸ ತೋರಿಸುವ 'ಡಿಫ್' ಎಂಬ ಉಪಕರಣವನ್ನು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡಗ್ಲಸ್ ಮೆಕಿಲ್‌ರಾಯ್ 1970ರ ದಶಕದ ಆರಂಭದಲ್ಲಿ ಯುನಿಕ್ಸ್ ವ್ಯವಸ್ಥೆಗಾಗಿ ರೂಪಿಸಿದರು. ಅದರ ವಿಧಾನವನ್ನು ಜೇಮ್ಸ್ ಹಂಟ್ ಅವರೊಡನೆ 1976ರಲ್ಲಿ ಪ್ರಕಟಿಸಿದರು.

ಮೊದಲ ಸಾಲಿಗೆ ಮೊದಲ ಸಾಲು, ಎರಡನೆಯದಕ್ಕೆ ಎರಡನೆಯದು ಎಂದು ಹೋಲಿಸುತ್ತ ಹೋದರೆ ಸಾಲದೇ? ಸಾಲದು. ಬೆಳಗಾವಿ ಜಿಲ್ಲೆಯ ತಾಲ್ಲೂಕುಗಳ ಮಳೆ ಲೆಕ್ಕ ಮಾಡುವ ಪ್ರೋಗ್ರಾಂ ಒಂದರಲ್ಲಿ ಗೋಕಾಕ, ಹುಕ್ಕೇರಿ, ರಾಯಬಾಗ, ಅಥಣಿ ಎಂಬ ಪಟ್ಟಿ ಇದೆ ಎನ್ನೋಣ. ಹಿಂದೆ ಗೋಕಾಕ ತಾಲ್ಲೂಕಿಗೆ ಸೇರಿದ್ದ ಮೂಡಲಗಿ ಈಗ ಪ್ರತ್ಯೇಕ ತಾಲ್ಲೂಕು. ಹಾಗಾಗಿ ಪಟ್ಟಿಯಲ್ಲಿ ಗೋಕಾಕದ ನಂತರ ಮೂಡಲಗಿಯನ್ನು ಸೇರಿಸಿದೆವು. ಸ್ಥಾನಕ್ಕೆ ಸ್ಥಾನ ಹೋಲಿಸಿದರೆ ಎರಡನೆಯ ಸಾಲಿನಿಂದ ಕೊನೆಯವರೆಗೆ ಎಲ್ಲವೂ ಬದಲಾದಂತೆ ಕಾಣುತ್ತದೆ. ನಿಜವಾಗಿ ಆಗಿರುವುದು ಒಂದು ಸಾಲಿನ ಸೇರ್ಪಡೆ ಮಾತ್ರ.

ಡಿಫ್ ಬೇರೆ ಪ್ರಶ್ನೆ ಕೇಳುತ್ತದೆ: ಎರಡೂ ಪಟ್ಟಿಗಳಲ್ಲಿ ಅದೇ ಅನುಕ್ರಮದಲ್ಲಿ ಸಿಗುವ ಅತಿ ಉದ್ದದ ಸಾಮಾನ್ಯ ಸರಣಿ ಯಾವುದು? ಇಲ್ಲಿ ಅದು ಗೋಕಾಕ, ಹುಕ್ಕೇರಿ, ರಾಯಬಾಗ, ಅಥಣಿ. ಈ ಸರಣಿಗೆ ಸೇರದೆ ಹಳೆಯ ಕಡತದಲ್ಲಿ ಉಳಿದದ್ದು ತೆಗೆದ ಸಾಲು. ಹೊಸದರಲ್ಲಿ ಉಳಿದದ್ದು ಸೇರಿಸಿದ ಸಾಲು. ತೆಗೆದದ್ದಕ್ಕೆ ಕಳೆಯುವ ಚಿಹ್ನೆ, ಸೇರಿಸಿದ್ದಕ್ಕೆ ಕೂಡುವ ಚಿಹ್ನೆ:

  ಗೋಕಾಕ
+ ಮೂಡಲಗಿ
  ಹುಕ್ಕೇರಿ

ಎರಡು ಡಿಎನ್‌ಎ ಸರಣಿಗಳನ್ನು ಜೋಡಿಸಿ ನೋಡುವಾಗ ಜೀವವಿಜ್ಞಾನಿಗಳು ಬಳಸುವ ಲೆಕ್ಕವೂ ಇದರ ಹತ್ತಿರದ ಬಂಧುವೇ. ಸಾವಿರ ಸಾಲಿನ ಎರಡು ಕಡತಗಳಿಗೆ ಪೂರ್ತಿ ಕೋಷ್ಟಕ ಹಾಕಿದರೆ 10 ಲಕ್ಷ ಮನೆಗಳನ್ನು ತುಂಬಬೇಕು. ಯೂಜೀನ್ ಮೈಯರ್ಸ್ 1986ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ವ್ಯತ್ಯಾಸ ಕಡಿಮೆ ಇದ್ದಷ್ಟೂ ಕೆಲಸ ಕಡಿಮೆ. ಇಂದು ಬಳಕೆಯಲ್ಲಿರುವ ಗಿಟ್ ತಂತ್ರಾಂಶ ಸಾಮಾನ್ಯವಾಗಿ ಅನುಸರಿಸುವುದು ಇದನ್ನೇ.

ಡಿಫ್‌ನ ಮಿತಿಯನ್ನೂ ತಿಳಿದಿರಬೇಕು. ಸಾಲು ಸ್ಥಳಾಂತರವಾಯಿತು ಎಂಬ ಕಲ್ಪನೆ ಅದಕ್ಕಿಲ್ಲ. ಮೇಲಿನ ವೇಗ-ದೂರ ಅದಲುಬದಲನ್ನು ಅದು "ಒಂದು ಸಾಲು ಹೋಯಿತು, ಅದೇ ಸಾಲು ಬೇರೆಡೆ ಬಂತು" ಎಂದು ತೋರಿಸುತ್ತದೆ. ಏನು ಬದಲಾಯಿತು ಎಂಬುದನ್ನು ಗಣಕ ಹೇಳಬಲ್ಲದು. ಏಕೆ ಬದಲಾಯಿತು ಎಂಬುದನ್ನು ಮನುಷ್ಯನೇ ಬರೆಯಬೇಕು.

ನಮ್ಮ ಗಣಕದಲ್ಲೇ ದಾಖಲೆ

ಬದಲಾವಣೆಗಳನ್ನು ಕಾರಣಸಹಿತ ದಾಖಲಿಸುವ ವ್ಯವಸ್ಥೆ ಹೊಸದೇನಲ್ಲ. ಬೆಲ್ ಪ್ರಯೋಗಾಲಯದಲ್ಲೇ ಮಾರ್ಕ್ ರಾಕ್‌ಕೈಂಡ್ 1972ರಲ್ಲಿ ಎಸ್‌ಸಿಸಿಎಸ್ ಎಂಬ ವ್ಯವಸ್ಥೆಯನ್ನು ಆರಂಭಿಸಿದರು. ಮುಂದೆ ಬಂದ ಸಿವಿಎಸ್, ಸಬ್‌ವರ್ಷನ್‌ಗಳಲ್ಲಿ ಇತಿಹಾಸವೆಲ್ಲ ಒಂದು ಕೇಂದ್ರ ಗಣಕದಲ್ಲಿರುತ್ತಿತ್ತು. ಲಿನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಲಿನಕ್ಸ್ ತಿರುಳಿನ ಕೆಲಸಕ್ಕಾಗಿ ಗಿಟ್ ಬರೆದಾಗ ಪೂರ್ತಿ ಇತಿಹಾಸ ಪ್ರತಿಯೊಬ್ಬರ ಗಣಕದಲ್ಲೂ ಇರುವಂತಾಯಿತು. ಇದು ಉಚಿತ, ಮುಕ್ತ ತಂತ್ರಾಂಶ. ಒಮ್ಮೆ ಅಳವಡಿಸಿಕೊಂಡ ಮೇಲೆ ಇಂಟರ್‌ನೆಟ್ ಇಲ್ಲದೆಯೂ ದಾಖಲೆಯ ಕೆಲಸವೆಲ್ಲ ನಡೆಯುತ್ತದೆ. ಸಂಪರ್ಕ ಬಂದು ಹೋಗಿ ಮಾಡುವ ಊರುಗಳ ಕಾಲೇಜುಗಳಿಗೆ ಈ ಗುಣ ಬಹಳ ಉಪಯುಕ್ತ.

ಗಿಟ್‌ನಲ್ಲಿ ಮೂರು ನೆಲೆಗಳಿವೆ. ಮೊದಲನೆಯದು ನಾವು ತೆರೆದು ತಿದ್ದುತ್ತಿರುವ ಕಡತ. ಎರಡನೆಯದು ಸರದಿ, ದಾಖಲಾಗಬೇಕಾದ ತಿದ್ದುಪಡಿಗಳನ್ನು ಆರಿಸಿ ಇಡುವ ಜಾಗ. ಮೂರನೆಯದು ಭಂಡಾರ, ದಾಖಲಾದ ಎಲ್ಲ ಸ್ಥಿತಿಗಳು ಇಲ್ಲಿ ಉಳಿಯುತ್ತವೆ. 'ಗಿಟ್ ಸ್ಟೇಟಸ್' ಎಂಬ ಆದೇಶ ಯಾವ ಕಡತ ಯಾವ ನೆಲೆಯಲ್ಲಿದೆ ಎಂದು ಹೇಳುತ್ತದೆ. 'ಗಿಟ್ ಡಿಫ್' ಇನ್ನೂ ಸರದಿಗೆ ಬಾರದ ತಿದ್ದುಪಡಿಗಳನ್ನು ತೋರಿಸುತ್ತದೆ. 'ಗಿಟ್ ಆಡ್' ಸರದಿಗೆ ಸೇರಿಸುತ್ತದೆ. 'ಗಿಟ್ ಕಮಿಟ್' ಸರದಿಯಲ್ಲಿರುವುದನ್ನು ನಮ್ಮ ಟಿಪ್ಪಣಿಯೊಡನೆ ಭಂಡಾರಕ್ಕೆ ಸೇರಿಸುತ್ತದೆ. ಆದೇಶಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬೆರಳಚ್ಚಿಸಬೇಕು, ಟಿಪ್ಪಣಿ ಕನ್ನಡದಲ್ಲಿರಬಹುದು.

ಸರದಿ ಎಂಬ ನಡುಮನೆ ಏಕೆ ಎಂಬ ಪ್ರಶ್ನೆ ಸಹಜ. ಜಲಪಾತದ ಪ್ರೋಗ್ರಾಂಗೆ ಹಿಂತಿರುಗೋಣ. ಹೆಜ್ಜೆಯ ತಿದ್ದುಪಡಿ, ಸಾಲುಗಳ ಅದಲುಬದಲು ಎರಡೂ ಒಂದೇ ಕಡತದಲ್ಲಿ ಆಗಿಹೋಗಿವೆ. 'ಗಿಟ್ ಆಡ್' ಆದೇಶವನ್ನು ತುಣುಕು ತುಣುಕಾಗಿ ಕೇಳುವ ರೀತಿಯಲ್ಲಿ ನಡೆಸಿದರೆ ಮೊದಲು ಹೆಜ್ಜೆಯ ತಿದ್ದುಪಡಿಯನ್ನಷ್ಟೇ ಆರಿಸಿ "ಹೆಜ್ಜೆ 0.01ಕ್ಕೆ ಇಳಿಕೆ, ಉತ್ತರ 3.27" ಎಂದು ದಾಖಲಿಸಬಹುದು. ಆಮೇಲೆ ಎರಡನೆಯದನ್ನು "ವೇಗದ ಸಾಲು ಮೊದಲು; ಉತ್ತರ 3.26" ಎಂದು ದಾಖಲಿಸಬಹುದು. ಆದರೆ ಟಿಪ್ಪಣಿಯಲ್ಲಿ ಬರೆಯುವ ಉತ್ತರ ಆ ಸ್ಥಿತಿಯ ಪ್ರೋಗ್ರಾಂ ನಡೆಸಿ ಪಡೆದದ್ದಾಗಿರಬೇಕು, ಊಹೆಯಾಗಿರಬಾರದು. 'ಗಿಟ್ ಸ್ಟ್ಯಾಶ್' ಆದೇಶದಿಂದ ಉಳಿದ ತಿದ್ದುಪಡಿಗಳನ್ನು ತಾತ್ಕಾಲಿಕವಾಗಿ ಬದಿಗಿಟ್ಟು, ಪ್ರೋಗ್ರಾಂ ನಡೆಸಿ, ಮತ್ತೆ ಹೊರತೆಗೆಯಬಹುದು.

ಪ್ರತಿ ಕಮಿಟ್‌ಗೂ ಗಿಟ್ ಒಂದು ಗುರುತು ಕೊಡುತ್ತದೆ. ಸಾಮಾನ್ಯವಾಗಿ ಅದು ಅಂಕಿ-ಅಕ್ಷರಗಳ 40 ಸ್ಥಾನಗಳ ಸಾಲು. ಕಡತಗಳ ಒಳಗಿರುವುದು, ಟಿಪ್ಪಣಿ, ದಿನಾಂಕ, ಹಿಂದಿನ ಕಮಿಟ್‌ನ ಗುರುತು ಎಲ್ಲವನ್ನೂ ಸೇರಿಸಿ ಇದನ್ನು ಲೆಕ್ಕ ಹಾಕಲಾಗುತ್ತದೆ. ಹಾಗಾಗಿ ಹಳೆಯ ನಮೂದಿನಲ್ಲಿ ಒಂದು ಅಕ್ಷರ ತಿದ್ದಿದರೂ ಅದರ ಮುಂದಿನ ಎಲ್ಲ ಗುರುತುಗಳು ಬದಲಾಗುತ್ತವೆ. ವರದಿಯ ಪ್ರತಿ ನಕ್ಷೆಯ ಕೆಳಗೆ ಈ ಗುರುತಿನ ಮೊದಲ 7 ಸ್ಥಾನಗಳನ್ನು ಬರೆದರೆ ಸಾಕು. ಯಾವ ಪ್ರೋಗ್ರಾಂನಿಂದ ಆ ನಕ್ಷೆ ಬಂತು ಎಂಬ ಪ್ರಶ್ನೆಗೆ ವರ್ಷಗಳ ಬಳಿಕವೂ ಉತ್ತರ ಸಿಗುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಸರದಿಗೂ ಬಾರದ, ಕಮಿಟ್ ಕೂಡ ಆಗದ ತಿದ್ದುಪಡಿಯನ್ನು ಗಿಟ್ ನೆನಪಿಡುವುದಿಲ್ಲ. 2019ರಲ್ಲಿ ಸೇರಿಸಲಾದ 'ಗಿಟ್ ರಿಸ್ಟೋರ್' ಆದೇಶವು ಅಂತಹ ತಿದ್ದುಪಡಿಯನ್ನು ಅಳಿಸಿಹಾಕುತ್ತದೆ. ಅದು ಗಿಟ್ ಮೂಲಕ ಮರಳಿ ಬಾರದು. ವಿಎಸ್ ಕೋಡ್‌ನಂತಹ ಬರವಣಿಗೆ ತಂತ್ರಾಂಶಗಳು ಪ್ರತಿ ಸಲ ಉಳಿಸಿದಾಗಲೂ ಕಡತದ ಒಂದು ಪ್ರತಿಯನ್ನು ತಾವೇ ಇಟ್ಟುಕೊಳ್ಳುತ್ತವೆ. ವಿಎಸ್ ಕೋಡ್‌ಗೆ ಈ ಸೌಲಭ್ಯ 2022ರಲ್ಲಿ ಬಂತು. ಆಪತ್ತಿಗೆ ಇದು ಆಗುತ್ತದೆ. ಆದರೆ ಅಲ್ಲಿ ಸಮಯ ಮಾತ್ರ ಇರುತ್ತದೆ, ಕಾರಣ ಇರುವುದಿಲ್ಲ. ಆದ್ದರಿಂದ ಅದನ್ನು ವಹಿ ಎನ್ನಲಾಗದು.

ಕಣ್ಣಿಗೆ ಕಾಣದ ಬದಲಾವಣೆ

ಕನ್ನಡದಲ್ಲಿ ದತ್ತಾಂಶ ಬಳಸುವವರಿಗೆ ಒಂದು ವಿಚಿತ್ರ ಅನುಭವ ಆಗಬಹುದು. ಡಿಫ್ ಒಂದು ಸಾಲು ಬದಲಾಗಿದೆ ಎನ್ನುತ್ತದೆ. ಕಣ್ಣಿಗೆ ಎರಡೂ ಸಾಲು ಒಂದೇ ತೆರನಾಗಿ ಕಾಣುತ್ತವೆ. ಇದಕ್ಕೆ ಕಾರಣ ಯೂನಿಕೋಡ್ ಸಂಕೇತದಲ್ಲಿದೆ.

'ಗೋ' ಎಂಬ ಅಕ್ಷರದ ಓಕಾರಕ್ಕೆ 3275 ಎಂಬ ಒಂದೇ ಸಂಕೇತವಿದೆ. ಅದೇ ಓಕಾರವನ್ನು 3270 (ಎತ್ವ), 3266 (ಊಕಾರದ ಕೊಂಬು), 3285 (ದೀರ್ಘ) ಎಂಬ ಮೂರು ಬಿಡಿ ಸಂಕೇತಗಳಿಂದಲೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಆದರೆ ಮೊದಲ ರೀತಿಯಲ್ಲಿ 'ಗೋಕಾಕ' 5 ಸಂಕೇತಗಳ ಪದ. ಎರಡನೆಯ ರೀತಿಯಲ್ಲಿ 7 ಸಂಕೇತಗಳದ್ದು. 'ಹುಕ್ಕೇರಿ'ಯ ಏಕಾರವೂ ಹಾಗೆಯೇ: 8 ಅಥವಾ 9 ಸಂಕೇತ. 'ಮೂಡಲಗಿ'ಗೆ ಈ ತೊಡಕಿಲ್ಲ. ಅದರ ಸ್ವರಚಿಹ್ನೆಗಳು ಒಡೆಯುವಂಥವಲ್ಲ. ಹೀಗಾಗಿ ಎರಡು ಕಡೆಯಿಂದ ಬಂದ ಮಳೆ ಪಟ್ಟಿಗಳನ್ನು ಪ್ರೋಗ್ರಾಂ ಕೂಡಿಸುವಾಗ ಮೂಡಲಗಿ ಸರಿಯಾಗಿ ಹೊಂದಿ, ಗೋಕಾಕ ಮತ್ತು ಹುಕ್ಕೇರಿ ಎರಡೆರಡು ಊರುಗಳಾಗಿ ಎಣಿಕೆಯಾಗಬಹುದು!

ಇನ್ನೊಂದು ಸೂಕ್ಷ್ಮವಿದೆ. ಚರಗಳ ಹೆಸರುಗಳನ್ನು ಪೈಥಾನ್ ತಾನಾಗಿ ಒಂದೇ ರೂಪಕ್ಕೆ ತಂದುಕೊಳ್ಳುತ್ತದೆ. ಉದ್ಧರಣ ಚಿಹ್ನೆಯೊಳಗಿನ ಪದಗಳನ್ನು ಮುಟ್ಟುವುದಿಲ್ಲ. ಅವುಗಳನ್ನು ಏಕರೂಪಗೊಳಿಸುವ ಸೌಲಭ್ಯವನ್ನು ನಾವೇ ಕರೆಯಬೇಕು. ಇಲ್ಲಿ ಡಿಫ್ ತೋರಿಸುವ 'ಇಲ್ಲದ ಬದಲಾವಣೆ'ಯೇ ರೋಗದ ಮೊದಲ ಸುಳಿವು.

ಸಾಲಿನ ಕೊನೆಯೂ ಮೋಸ ಮಾಡಬಲ್ಲದು. ವಿಂಡೋಸ್‌ನಲ್ಲಿ ಸಾಲು ಮುಗಿದದ್ದನ್ನು 13 ಮತ್ತು 10 ಎಂಬ ಎರಡು ಸಂಕೇತಗಳಿಂದ, ಲಿನಕ್ಸ್‌ನಲ್ಲಿ 10 ಒಂದರಿಂದಲೇ ಗುರುತಿಸುವುದು ರೂಢಿ. ಕಡತ ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗಿ ಬಂದರೆ ಇಡೀ ಕಡತವೇ ಬದಲಾದಂತೆ ಡಿಫ್ ತೋರಿಸಬಹುದು. ಕಡತದ ಹೆಸರು ಕನ್ನಡದಲ್ಲಿದ್ದರೆ 'ಗಿಟ್ ಸ್ಟೇಟಸ್' ಅದನ್ನು ಅಂಕಿಗಳಾಗಿ ತೋರಿಸುವುದುಂಟು. 'ಗ' ಅಕ್ಷರ 340, 262, 227 ಎಂದು ಕಾಣುತ್ತದೆ. ಇವು ಆ ಅಕ್ಷರದ ಮೂರು ಬೈಟ್‌ಗಳ ಅಷ್ಟಮಾನ ರೂಪ, ಕಡತ ಕೆಟ್ಟಿಲ್ಲ. 'ಕೋರ್.ಕೋಟ್‌ಪಾತ್' ಎಂಬ ಆಯ್ಕೆಯನ್ನು 'ಫಾಲ್ಸ್' ಎಂದು ಬದಲಿಸಿದರೆ ಕನ್ನಡ ಹೆಸರು ಕಾಣುತ್ತದೆ.

ಮೂರು ಊರು, ಒಂದು ಪ್ರೋಗ್ರಾಂ

ಗೋಕಾಕ, ಮೂಡಲಗಿ, ಹುಕ್ಕೇರಿಯ ಮೂವರು ವಿದ್ಯಾರ್ಥಿಗಳು ಒಂದೇ ಪ್ರಾಜೆಕ್ಟ್ ಮಾಡುತ್ತಿದ್ದಾರೆ ಎನ್ನೋಣ. ಪೆನ್‌ಡ್ರೈವ್‌ನಲ್ಲಿ ಒಂದು ಭಂಡಾರ ಮಾಡಿ, ಮೂವರೂ ಅದರ ಪ್ರತಿ ಪಡೆದು ತಮ್ಮ ತಮ್ಮ ಮನೆಯಲ್ಲಿ ಕೆಲಸ ಮಾಡಿ, ಭೇಟಿಯಾದಾಗ ಕಮಿಟ್‌ಗಳನ್ನು ಅದರಲ್ಲಿ ಕೂಡಿಸಬಹುದು. ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳು ಘಟಪ್ರಭೆಯನ್ನು ಸೇರಿದ ಮೇಲೆ ಯಾವ ನೀರು ಯಾವ ನದಿಯದೆಂದು ಹೇಳಲಾಗದು. ಗಿಟ್‌ನ ಸಂಗಮದಲ್ಲಿ ಮಾತ್ರ ಪ್ರತಿ ಸಾಲು ಯಾರಿಂದ, ಯಾವ ದಿನ ಬಂತು ಎಂಬುದು ಉಳಿಯುತ್ತದೆ. ಒಂದೇ ಹೆಜ್ಜೆಯ ಸಾಲನ್ನು ಒಬ್ಬಳು 0.01 ಎಂದೂ ಇನ್ನೊಬ್ಬ 0.001 ಎಂದೂ ತಿದ್ದಿದ್ದರೆ ಗಿಟ್ ನಿಂತು, ಎರಡನ್ನೂ ಮುಂದಿಟ್ಟು, ತೀರ್ಮಾನವನ್ನು ನಮಗೆ ಬಿಡುತ್ತದೆ.

ಆದರೆ ಗಿಟ್ ಬಲ್ಲದ್ದು ಸಾಲುಗಳನ್ನು, ಭೌತವಿಜ್ಞಾನವನ್ನಲ್ಲ. ಒಬ್ಬ ಎತ್ತರವನ್ನು ಅಡಿಗಳಲ್ಲಿ ಬರೆದು, ಇನ್ನೊಬ್ಬ ಬಹು ದೂರದ ಮತ್ತೊಂದು ಸಾಲಿನಲ್ಲಿ ಗುರುತ್ವವನ್ನು ಸೆಂಟಿಮೀಟರಿನಲ್ಲಿ ಬರೆದರೆ ಅದು ಎರಡನ್ನೂ ತಕರಾರಿಲ್ಲದೆ ಸೇರಿಸುತ್ತದೆ. ಸೇರಿಸಿದ ನಂತರ ಪ್ರೋಗ್ರಾಂ ನಡೆಸಿ, ತಿಳಿದ ಉತ್ತರದೊಂದಿಗೆ ತಾಳೆ ನೋಡುವುದು ನಮ್ಮ ಕೆಲಸ. ಜೊತೆಗೆ, ಹಾರ್ಡ್ ಡಿಸ್ಕ್ ಕೆಟ್ಟರೆ ಅದರಲ್ಲಿನ ವಹಿಯೂ ಹೋಗುತ್ತದೆ. ಇನ್ನೊಂದು ಪ್ರತಿ ಬೇರೆ ಕಡೆ ಇರಲೇಬೇಕು.

ಅಧ್ಯಾಪಕರು ಏನು ಮಾಡಬಹುದು?

ಭೌತವಿಜ್ಞಾನ ಪ್ರಯೋಗದ ರೆಕಾರ್ಡ್ ಪುಸ್ತಕದಲ್ಲಿ ತಪ್ಪಾದ ಅಳತೆಯನ್ನು ಅಳಿಸಬೇಡಿ, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ ಎನ್ನುತ್ತೇವೆ. ಹಳೆಯದು ಓದಲು ಸಿಗಬೇಕು ಎಂಬುದೇ ಇದರ ಉದ್ದೇಶ. ಪ್ರೋಗ್ರಾಂಗೆ ಕಮಿಟ್ ಮಾಡುವ ಕೆಲಸವೂ ಅದೇ. ಪ್ರಾಜೆಕ್ಟ್‌ಗೆ ಅಂಕ ಕೊಡುವಾಗ ಕೊನೆಯ ಫಲಿತಾಂಶದ ಜೊತೆ 'ಗಿಟ್ ಲಾಗ್' ಪಟ್ಟಿಯನ್ನೂ ನೋಡುವುದು ಒಳ್ಳೆಯದು. ಹತ್ತು ಚಿಕ್ಕ ಕಮಿಟ್‌ಗಳು, ನಡುವೆ ಕೈಬಿಟ್ಟ ಒಂದೆರಡು ಪ್ರಯತ್ನಗಳು ಇದ್ದರೆ ಅದು ಕೆಲಸ ಮಾಡಿದವರ ವಹಿ. ಕೊನೆಯ ದಿನ ಒಂದೇ ಕಮಿಟ್ ಇದ್ದರೆ ಕೆಲವು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ.

ಮಾಡಿ ನೋಡಿ

1. ಜಲಪಾತದ ಪ್ರೋಗ್ರಾಂ ಬರೆದು, 'ಗಿಟ್ ಇನಿಟ್' ಆದೇಶದಿಂದ ಭಂಡಾರ ಆರಂಭಿಸಿ, ಮೊದಲ ಸ್ಥಿತಿಯನ್ನು ಕಮಿಟ್ ಮಾಡಿ.
2. ಹೆಜ್ಜೆಯನ್ನು ಮಾತ್ರ ಬದಲಿಸಿ. ಕಮಿಟ್ ಮಾಡುವ ಮೊದಲು 'ಗಿಟ್ ಡಿಫ್' ಓದಿ. ನೀವು ಉದ್ದೇಶಿಸದ ಸಾಲು ಅದರಲ್ಲಿದೆಯೇ?
3. ಟಿಪ್ಪಣಿಯಲ್ಲಿ ಏನು, ಏಕೆ, ಉತ್ತರ ಎಷ್ಟು ಎಂಬ ಮೂರನ್ನೂ ಬರೆಯಿರಿ.
4. ಹೆಜ್ಜೆ 0.001 ಆದರೆ ಎರಡೂ ವಿಧಾನಗಳ ಉತ್ತರಗಳ ಅಂತರ ಎಷ್ಟಾಗಬಹುದು? ಮೊದಲು ಊಹಿಸಿ, ನಂತರ ನಡೆಸಿ ನೋಡಿ.
5. ಗಾಳಿಯ ತಡೆಯನ್ನು ವೇಗದ ವರ್ಗಕ್ಕೆ ಅನುಗುಣವಾಗಿ ಸೇರಿಸಿ, ಪ್ರತ್ಯೇಕ ಕಮಿಟ್ ಮಾಡಿ. ನಿಮ್ಮ ವಹಿಯನ್ನು ಸಹಪಾಠಿಗೆ ಕೊಡಿ. ನಿಮ್ಮ ನೆರವಿಲ್ಲದೆ ಅವರು ನಿಮ್ಮ ಪ್ರತಿ ಉತ್ತರವನ್ನೂ ಮತ್ತೆ ಪಡೆದರೆ ದಾಖಲೆ ಸರಿಯಾಗಿದೆ ಎಂದರ್ಥ.